ತಣ್ಣಗಿದ್ದ ಹಣೆ

ಜ್ವರ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಎಂದು ರಮ್ಯಶ್ರೀ ಟೀಚರ್ ಚಳಿ ಶುರುವಾದಾಗಿನಿಂದ ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತಲೇ ಇದ್ದಾರೆ. ಹಾಕಲಿಕ್ಕೆ ಅವರಿಗೇನು? ಮನೆಯಲ್ಲಿ ಇಟ್ಟುಕೊಳ್ಳಿ ಅನ್ನುತ್ತಾರೆ, ಯಾರು ಇಟ್ಟುಕೊಳ್ಳಬೇಕು ಅಂತ ಬರೆಯುವುದಿಲ್ಲ. ನನ್ನ ಗಂಡ ಆಳಸಮುದ್ರದ ಬೋಟಿನಲ್ಲಿದ್ದಾರೆ, ಹೊರಟರೆ ಫೋನೇ ತಾಗುವುದಿಲ್ಲ. ಅತ್ತೆ ಹೋದ ವರ್ಷ ತೀರಿಕೊಂಡರು. ಗಂಗೊಳ್ಳಿಯ ನಮ್ಮ ಕೇರಿಯಲ್ಲಿ ಬೆಳಕು ಹರಿದ ಮೇಲೆ ಯಾವ ಮನೆಯ ಬಾಗಿಲು ತಟ್ಟಿದರೂ ಹೆಂಗಸರು ಸಿಗುವುದಿಲ್ಲ, ಎಲ್ಲರೂ ಮೀನಿನ ಹಿಂದೆ.

ನಾನೂ ಹಾಗೆಯೇ. ಕತ್ತಲಿರುವಾಗಲೇ ಬಂದರಿಗೆ ಹೋಗಿ, ಏಲಂನಲ್ಲಿ ಮೀನು ಕೊಂಡು, ಐಸ್ ತುಂಬಿದ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಮನೆಗೆ ತರುತ್ತೇನೆ. ಒಂದು ಲೋಟ ಚಾ ಕುಡಿದು, ಮೂರನೇ ಕ್ಲಾಸಿನ ಮಗಳು ಪೂಜಿತಾಳನ್ನು ಶಾಲೆಗೆ ಹೊರಡಿಸಿ, ಅದೇ ರಿಕ್ಷಾದಲ್ಲಿ ತ್ರಾಸಿ ಕಡೆಗೆ ಮಾರಲು ಹೋಗುತ್ತೇನೆ. ಐಸಿನಲ್ಲಿ ಆಡುವ ಕೈಗೆ ಯಾರ ಹಣೆ ಮುಟ್ಟಿದರೂ ಬಿಸಿ, ಗೋಡೆ ಮುಟ್ಟಿದರೂ ಅದಕ್ಕೆ ಜ್ವರ! ಅದಕ್ಕೇ ನಾನು ಮಗಳ ಜ್ವರವನ್ನು ಕೈಯಿಂದ ನೋಡುವುದಿಲ್ಲ. ಕೆನ್ನೆ ತಾಗಿಸಿ ನೋಡುತ್ತೇನೆ. ಅತ್ತೆ ಕಲಿಸಿದ್ದು.

ಆ ದಿನ ಬೆಳಿಗ್ಗೆ ಅವಳ ಕಣ್ಣು ಕೆಂಪಾಗಿತ್ತು. ದೋಸೆ ತಟ್ಟೆಯಲ್ಲಿ ಹಾಗೆಯೇ ಇತ್ತು.

“ಹೆಣ್ಣೇ, ಜ್ವರ ಬಂತಾ ಎಂತ?”

“ಇಲ್ಲೆ ಅಮ್ಮ. ಮುಖ ತೊಳ್ಕಂಡ್ ಬತ್ತೆ, ಬೇಕಾರೆ ಮುಟ್ಟಿ ಕಾಣ್.”

ನಾನು ಚಾ ಮುಗಿಸುವಷ್ಟರಲ್ಲಿ ಬಂದು ಎದುರು ನಿಂತಳು. ಹಣೆಗೆ ಕೆನ್ನೆ ತಾಗಿಸಿದೆ. ತಣ್ಣಗಿತ್ತು. ಸದ್ಯ, ಬಚಾವಾದೆ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಅವಳಿಗಿಂತ ಮೊದಲು ನನ್ನ ವ್ಯಾಪಾರವೇ ನೆನಪಾದದ್ದು.

ತ್ರಾಸಿಯಲ್ಲಿ ಒಬ್ಬರ ಮನೆ ಅಂಗಳದಲ್ಲಿ ಬಂಗುಡೆ ಎಣಿಸಿ ಹಾಕುವಾಗ ಟೀಚರ್ ಫೋನು ಬಂತು. ಹುಡುಗಿಯ ಮೈ ಸುಡುತ್ತಿದೆ, ಕೂಡಲೇ ಬನ್ನಿ ಎಂದರು. ಮೀನಿನ ಪೆಟ್ಟಿಗೆ ಸಮೇತ ರಿಕ್ಷಾವನ್ನು ಶಾಲೆಗೆ ತಿರುಗಿಸಲು ಹೇಳಿದೆ. ಪೂಜಿತಾ ಆಫೀಸು ರೂಮಿನ ಬೆಂಚಿನ ಮೇಲೆ ಮುದುಡಿ ಮಲಗಿದ್ದಳು.

“ಬೆಳಿಗ್ಗೆ ಕಾಣ್ಲಿಲ್ಯಾ ಪದ್ದಕ್ಕ? ಇಷ್ಟ್ ಜ್ವರ ಇತ್ತ್, ಹೀಂಗೆ ಕಳ್ಸುದಾ?” ಎಂದರು ಟೀಚರ್.

ನನಗೆ ಎಲ್ಲಿತ್ತೋ ಸಿಟ್ಟು. “ಕಾಣ್ದೆ ಕಳ್ಸುಕೆ ನಾನೆಂತ ಮಲತಾಯಿಯಾ? ಬೆಳಿಗ್ಗೆ ತಣ್ಣಗಿತ್ತ್ ಮಗು. ನಿಮ್ಮ್ ಶಾಲೆಗೆ ಬಂದ್ ಮೇಲೇ ಜ್ವರ ಬಂದದ್ದ್!”

ಟೀಚರ್ ಅವಳ ಚೀಲ ತಂದು ನನ್ನ ಕೈಗೆ ಕೊಟ್ಟರು. ಗೆದ್ದೆ ಅಂದುಕೊಂಡು ಮಗಳನ್ನು ಎತ್ತಿಕೊಂಡು ಬಂದೆ. ರಿಕ್ಷಾದಲ್ಲಿ ಅವಳ ತಲೆ ನನ್ನ ಎದೆಯ ಮೇಲಿತ್ತು. ಮುದ್ದು ಮಾಡಲು ಬಗ್ಗಿದರೆ ಹಣೆಯ ಕೂದಲಿನಲ್ಲಿ ಬಂಗುಡೆಯ ವಾಸನೆ. ನನ್ನ ಮೈಯ ವಾಸನೆ ಇರಬೇಕು ಅಂದುಕೊಂಡೆ. ಅಲ್ಲ. ಪೆಟ್ಟಿಗೆಯ ಅಡಿಯ ಐಸಿನ ವಾಸನೆ ಅದು, ನನಗೆ ಗೊತ್ತಾಗದೆ ಯಾರಿಗೆ ಗೊತ್ತಾಗಬೇಕು? ಮೀನು ಮುಟ್ಟು ಅಂದರೆ ಮೂಗು ಮುಚ್ಚಿ ಓಡುವ ಹುಡುಗಿ ಇವಳು.

“ಪೂಜೀ, ಹಣೆಗೆ ಎಂತ ಇಟ್ಕಂಡಿದ್ದೆ?”

ಮುಖವನ್ನು ನನ್ನ ಸೆರಗಿನಲ್ಲಿ ಹುದುಗಿಸಿದಳು. ಆಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಪೆಟ್ಟಿಗೆಯ ಐಸ್. ನೀ ಚಾ ಕುಡಿವತಿಗೆ.”

“ಎಂತಕ್ಕೆ ಮಗಾ?”

“ಜ್ವರ ಇತ್ತ್ ಅಂದ್ರೆ ನೀ ಮನ್ಯಲ್ಲ್ ಒಬ್ಳನ್ನೇ ಬಿಟ್ಟಿಕ್ ಹೋತ್ಯಲೆ.”

ಹೌದು, ಹೋದ ತಿಂಗಳು ಹಾಗೆಯೇ ಹೋಗಿದ್ದೆ. ಗಂಜಿ ಮಾಡಿಟ್ಟು, ಒಳಗಿಂದ ಚಿಲಕ ಹಾಕಿಕೋ, ಯಾರು ಬಂದರೂ ತೆಗೆಯಬೇಡ ಅಂತ ಹೇಳಿ ಹೋಗಿದ್ದೆ. ಸಂಜೆ ಬಂದು ಕೇಳಿದರೆ “ಆರಾಮ್ ಇದ್ದಿದ್ದೆ” ಅಂದಿದ್ದಳು. ಎಷ್ಟು ಗಟ್ಟಿ ಹುಡುಗಿ ಅಂತ ಬಂದರಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಡಾಕ್ಟರು ವೈರಲ್ ಜ್ವರ ಎಂದರು. ಪೂರ್ತಿ ಬಿಡುವವರೆಗೆ ಶಾಲೆ ಬೇಡ ಎಂದರು. ಉಳಿದ ಮೀನನ್ನು ಪಕ್ಕದ ಮನೆಯ ವನಜಕ್ಕನಿಗೆ ದಾಟಿಸಿದೆ. ದಿನಾ ಒಟ್ಟಿಗೇ ಬಂದರಿಗೆ ಹೋಗುವವರು ನಾವು. ಮರುದಿನ ಅವಳು ಅಂಗಳದಿಂದ ಕೂಗಿದಳು.

“ಹ್ವಾಯ್ ಪದ್ದೂ, ಬತ್ಯಾ?”

“ಇವತ್ತ್ ಬತ್ತಿಲ್ಲೆ ಅಕ್ಕ.”

ಮಾತು ಮುಗಿಯಿತು. ಒಬ್ಬರ ಹಿಂದೆ ಒಬ್ಬರು ಕೇರಿಯವರೆಲ್ಲ ಹೋದರು. ಶಾಲೆಯ ಮಕ್ಕಳೂ ಹೋದರು. ಅಷ್ಟೇ, ಆಮೇಲೆ ಒಂದು ನರಪಿಳ್ಳೆಯ ಸುದ್ದಿಯಿಲ್ಲ. ಕೆಲಸದ ದಿನ ನಡುಮಧ್ಯಾಹ್ನ ನನ್ನ ಮನೆ ಹೇಗಿರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಗಂಡನಿಗೆ ಫೋನು ಮಾಡಿದೆ, ತಾಗುವುದಿಲ್ಲ ಅಂತ ಗೊತ್ತಿದ್ದೂ ಮಾಡಿದೆ. ಯಾರೋ ಹೆಂಗಸು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂದಳು. ಅವಳ ಹತ್ತಿರವಾದರೂ ಎರಡು ಮಾತಾಡೋಣ ಅನ್ನಿಸಿತು, ದೇವರಾಣೆ. ಅಡುಗೆಮನೆಯಲ್ಲಿ ಏನೋ ಧಡ್ ಎಂದಿತು. ಬೆಚ್ಚಿಬಿದ್ದೆ.

“ಅದ್ ಕಳ್ಳ ಅಲ್ಲ ಅಮ್ಮ. ಫ್ರಿಜ್,” ಎಂದಳು ಪೂಜಿತಾ ಚಾಪೆಯ ಮೇಲಿಂದ. “ಇನ್ನ್ ಸ್ವಲ್ಪ ಹೊತ್ತಿಗೆ ಹಿಂದಿನ್ ಬಾಗ್ಲ್ ತಟ್ಟುವಂಗೆ ಆತ್ತ್. ಅದ್ ಗಾಳಿ. ನೀ ಹೆದ್ರ್‌ಬೇಡ. ನಂಗೆ ಹೆದ್ರಿಕೆ ಆರೆ ಜೋರ್ ಮಗ್ಗಿ ಹೇಳ್ತೆ.”

ನನಗೆ ಸಂಕಟವೂ ಆಯಿತು, ನನ್ನ ಮೇಲೇ ಸಿಟ್ಟೂ ಬಂತು. ಅವಳ ಮುಂದೆ ಅಳಬಾರದೆಂದು ಗಂಜಿ ಬಿಸಿ ಮಾಡಲು ಎದ್ದೆ.

ಗಂಜಿ ಕುಡಿಯುವಾಗ ಕೇಳಿದಳು. “ನಾಳೆ?”

“ನಾಳೆನೂ ಮನ್ಯಲ್ಲೇ ಇರ್ತೆ.”

ಅವಳು ನನ್ನ ಮುಖವನ್ನೇ ನೋಡಿದಳು. ಮುಟ್ಟಿದರೆ ಇನ್ನೂ ಬಿಸಿ ಇದ್ದ ಕೈಯನ್ನು ಮುಂದೆ ಚಾಚಿದಳು.

“ಫೋನ್ ಕೊಡ್. ನೀ ನಾಳೆ ಬತ್ತಿಲ್ಲೆ ಅಂತ ವನಜಕ್ಕನ್ ಹತ್ರ ನಾನೇ ಹೇಳ್ತೆ.”

ಬೈಯಬೇಕು ಅನ್ನಿಸಿತು. ಆದರೂ ಅವಳೆದುರೇ ನಂಬರು ಒತ್ತಿ, ಸ್ಪೀಕರ್ ಹಾಕಿ, ನಾಳೆಯೂ ಬರುವುದಿಲ್ಲ ಅಂತ ಹೇಳಿದೆ. ವನಜಕ್ಕ ಆಚೆಯಿಂದ ಬೊಬ್ಬೆ ಹೊಡೆದಳು. “ಎಂತ ಮಾರಾಯ್ತಿ, ನಾಳೆ ಎಷ್ಟ್ ಬೋಟ್ ಬತ್ತಿತ್ತ್ ಗೊತ್ತಿತ್ತಾ ನಿಂಗೆ?”

“ಬರ್ಲಿ ಅಕ್ಕ. ಇವ್ಳ್ ಹುಷಾರಾಪುವರಿಗೂ ನಾ ಬತ್ತಿಲ್ಲೆ.”

ಪೂಜಿತಾ ಪೂರ್ತಿ ಕೇಳಿಸಿಕೊಂಡಳು. ಫೋನು ಇಟ್ಟ ಮೇಲೆ ಹತ್ತಿರ ಸರಿದು ಕೂತು, ಒಂದು ಕಿವಿ ಹಿಡಿದುಕೊಂಡು ದೂರು ಹೇಳುವವಳ ಹಾಗೆ ಶುರು ಮಾಡಿದಳು.

“ಅಮ್ಮ, ನಂಗೆ ತಲೆನೂ ನೋಯ್ತಿತ್ತ್. ಗಂಟ್ಲೂ ನೋಯ್ತಿತ್ತ್. ಮತ್ತೆ ಈ ಕೆಮಿ ಇತ್ತಲ್ದಾ, ಇದ್ ಆವತ್ತ್ ಒಬ್ಳೇ ಇದ್ದಾಗಿಂದ್ಲೂ ನೋಯ್ತಿತ್ತ್.”