ಹದಿನೈದು ದಿನದ ಮೌನ

ರಾಮನಾಥಪುರದ ಪಕ್ಕದ ಕೇರಿಯವರು ತಲೆಮಾರುಗಳಿಂದ ಹೆಣ ಹೂಳುತ್ತಿದ್ದ ಜಾಗಕ್ಕೆ ಜಮೀನ್ದಾರ ಪಂಚಾಕ್ಷರಯ್ಯ ಬೇಲಿ ಹಾಕಿ, ಉತ್ತು, ಹೊಗೆಸೊಪ್ಪು ನೆಟ್ಟದ್ದು ಐವತ್ತೊಂಬತ್ತರಲ್ಲಿ. ಕೇರಿಯ ಚಲುವಯ್ಯನ ಹೆಂಡತಿಯನ್ನು ಮಣ್ಣು ಮಾಡಿದ್ದೂ ಅಲ್ಲೇ. ನಲವತ್ತಮೂರು ಮನೆಗಳ ಪರವಾಗಿ ಅವನೊಬ್ಬನೇ ಹೊಳೆನರಸೀಪುರದ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹೂಡಿದ.

ಪಂಚಾಕ್ಷರಯ್ಯನ ಕಡೆಯವರು ಮನೆಮನೆಗೆ ಹೋದರು. "ಸೋತ್ರೆ ಕೋರ್ಟ್ ಖರ್ಚೆಲ್ಲ ನಿಮ್ಮ ತಲೆಗೇ ಬತ್ತದೆ" ಎಂದು ಹೆದರಿಸಿ, ದಾವೆ ಬೇಡವೆಂಬ ಕಾಗದಕ್ಕೆ ಹತ್ತೊಂಬತ್ತು ಜನರ ಹೆಬ್ಬೆಟ್ಟು ಒತ್ತಿಸಿಕೊಂಡು ಕೋರ್ಟಿಗೆ ಕೊಟ್ಟರು. ಅದರಲ್ಲಿ ಚಲುವಯ್ಯನ ತಂಗಿ ಮಾರಮ್ಮನದೂ ಇತ್ತು.

ಮುನ್ಸೀಫರು ಆ ಕಾಗದವನ್ನು ಪಕ್ಕಕ್ಕಿಟ್ಟರು. "ಕೋರ್ಟಿನ ಅಮೀನ ಕೇರಿಯಲ್ಲಿ ತಮಟೆ ಹೊಡೆಸಿ ನೋಟೀಸು ಓದುತ್ತಾನೆ. ಒತ್ತಿದವರು ಹದಿನೈದು ದಿನಕ್ಕೆ ಇಲ್ಲಿ ಬಂದು ನನ್ನೆದುರೇ ಹೇಳಲಿ. ಅಲ್ಲಿಯವರೆಗೆ ಎರಡೂ ಕಡೆಯವರು ಅವರೊಡನೆ ದಾವೆಯ ಮಾತೆತ್ತಕೂಡದು."

"ನಾನೂ ಆಡಂಗಿಲ್ವಾ ಸಾ? ಅವ್ರೆಲ್ಲ ನಮ್ಮೋರೇ" ಎಂದ ಚಲುವಯ್ಯ.

"ನೀನೂ ಆಡಕೂಡದು."

ಅಮೀನ ಬಂದು ಓದಿ ಹೋದ. ಜನಕ್ಕೆ ಅರ್ಥವಾಯಿತೋ ಇಲ್ಲವೋ, ಕೇಳುವಂತಿರಲಿಲ್ಲ. ಚಲುವಯ್ಯ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಯಾರೊಡನೆಯಾದರೂ ಮಳೆಯ ಮಾತು ಶುರುಮಾಡಿದರೂ ನಾಲಗೆ ದಾವೆಯತ್ತಲೇ ಜಾರುತ್ತಿತ್ತು. ಕೊನೆಗೆ ಮಾತನ್ನೇ ಬಿಟ್ಟ.

ಒಂಬತ್ತನೆಯ ದಿನ ಮಾರಮ್ಮ ಎದುರು ನಿಂತಳು. "ಅಣ್ಣ, ನಾನು ಒತ್ತಿದ್ದು ತಪ್ಪಾ? ಅಷ್ಟಾದ್ರೂ ಯೋಳು."

"ಯೋಳಂಗಿಲ್ಲ ಕಣವ್ವ, ಕೋರ್ಟ್ ಆರ್ಡರ್ ಆಗೈತೆ" ಎಂದವನೇ ಹೊಳೆಯ ಕಡೆ ನಡೆದುಬಿಟ್ಟ. ಹಿಂದಿನಿಂದ ಅವಳು ಅಳುವುದು ಕೇಳಿಸಿತು. ತಿರುಗಲಿಲ್ಲ.

ವಾಯಿದೆಯ ದಿನ ಮೊದಲ ಬಸ್ಸಿಗೇ ಹೋಗಿ ಕೋರ್ಟಿನ ಮುಂದೆ ಶತಪಥ ಹಾಕಿದ. ಹನ್ನೊಂದಾದರೂ ಯಾರೂ ಇಲ್ಲ. ಆಮೇಲೆ ಬಂದರು, ಹತ್ತೊಂಬತ್ತು ಜನವೂ. ನಾಲ್ವರು ದಾವೆ ಬೇಡವೆಂದರು. ಉಳಿದವರು ಇರಲಿ ಎಂದರು.

ಮಾರಮ್ಮ ಕೈಮುಗಿದಳು. "ಓದಿ ಯೋಳ್ದೇ ಒತ್ತಿಸ್ಕಂಡ್ರು ಸಾ. ನಮ್ಮತ್ತಿಗೆ ಮಲಗಿರೋ ಜಾಗ ಅದು. ದಾವೇಲಿ ನನ್ನೆಸ್ರು ಇರ್ಲಿ."

"ನಿಮ್ಮಣ್ಣ ಹೇಳಿಕೊಟ್ಟನೆ?"

"ಅವ್ನಾ? ಉಂಡ್ಯಾ ಅಂತ ಕೇಳಿದ್ರೂ ಬಾಯ್ ಬುಡ್ನಿಲ್ಲ ಸಾ!"

ಮುನ್ಸೀಫರು ನಕ್ಕು, ಹಾಗೆಯೇ ಬರೆದುಕೊಂಡರು. ಚಲುವಯ್ಯನ ಕಣ್ಣು ತುಂಬಿತು.

ಮೂರು ವರ್ಷದ ಮೇಲೆ ತೀರ್ಪು ಕೇರಿಯ ಕಡೆಗಾಯಿತು, ಬೇಲಿ ಕಿತ್ತರು. ಬೇಡವೆಂದಿದ್ದ ನಾಲ್ವರಲ್ಲಿ ಲಕ್ಕಯ್ಯ ಆ ವರ್ಷವೇ ತೀರಿಕೊಂಡ. ಅಪ್ಪನನ್ನು ಅಲ್ಲಿ ಹೂಳಬಹುದೇ ಎಂದು ಅವನ ಮಕ್ಕಳು ಅಳುಕುತ್ತಿದ್ದಾಗ, ಚಲುವಯ್ಯ ಗುದ್ದಲಿ ಹಿಡಿದು ಗುಂಡಿ ತೋಡಲು ಶುರುಮಾಡಿದ್ದ.