ನೀರು ಇಳಿಯುವ ಹೊತ್ತು

ಮಣ್ಣಾದ ಮೂರನೆಯ ದಿನದ ಜಿಯಾರತ್ ಮುಗಿದ ಮರುದಿನ ಬೆಳಿಗ್ಗೆ ಅನಗೋಳದ ಆ ಮನೆಯಲ್ಲಿ ಮತ್ತೆ ಒಲೆ ಹತ್ತಿತು. ಮೂರು ದಿನ ಬಾಜು ಮನೆಯವರೇ ಊಟ ಕಳಿಸಿದ್ದರು. ನೆಂಟರು ಹಿಂದಿನ ಸಂಜೆ ಹೊರಟುಹೋಗಿದ್ದರು. ನಲ್ಲಿಗೆ ನೀರು ಬಂದಿತ್ತು. ಶೈಸ್ತಾ ಕೊಡಗಳನ್ನು ತುಂಬಿಸಿದಳು, ಚಹಾ ಕುದಿಸಿದಳು, ಅತ್ತೆ ಶಾಹಜಾದಿಗೆ ಮೊಣಕಾಲು ನೋವಿನ ಗುಳಿಗೆ ಕೊಟ್ಟಳು. ಅಳು ಬರಲಿಲ್ಲ. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತ ಗಂಡ ಮುನಾಫ ಮತ್ತೆ ಏಳಲಿಲ್ಲ ಎಂಬುದು ಇನ್ನೂ ಯಾರದೋ ಮನೆಯ ಸುದ್ದಿಯಂತಿತ್ತು.

"ಇನ್ನ ನಾಲ್ಕ ತಿಂಗಳ ಹತ್ತ ದಿನ ಹೊಸ್ತಿಲ ದಾಟಂಗಿಲ್ಲ," ಎಂದರು ಶಾಹಜಾದಿ, ಬಸಿಗೆ ಚಹಾ ಸುರಿದುಕೊಳ್ಳುತ್ತ. "ಇದ್ದತ್ ಮುಗಿಯೂ ತನಕ ಹೊರಗಿನ ಗಂಡಸ್ರ ಮುಂದ ಬರಬ್ಯಾಡ."

"ಹೂಂ ಅಮ್ಮೀ."

ಎಲ್ಲಿಗಾದರೂ ಹೋಗಬೇಕೆಂದು ಅವಳಿಗೇನೂ ಅನಿಸಿರಲಿಲ್ಲ. ಬಾ ಎಂದು ಕರೆದಾಗಲೂ ಹೋದವಳಲ್ಲ.

ಮುನಾಫ ಖಾನಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಶೈಸ್ತಾ ಕಾರವಾರದಲ್ಲಿದ್ದು ಕಡಲ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಮದುವೆಯಾದ ಹೊಸದರಲ್ಲಿ ಗೋವಾದ ಒಂದು ಸಂಸ್ಥೆಯಿಂದ ಕೆಲಸಕ್ಕೆ ಕರೆ ಬಂದಿತ್ತು. ಅಮ್ಮಿಯ ಮೊಣಕಾಲಿನ ಆಪರೇಶನ್ ಆಗಲಿ, ಮುಂದಿನ ವರ್ಷ ನೋಡೋಣ ಎಂದಿದ್ದ ಮುನಾಫ. ಮರುವರ್ಷವೂ ಅದನ್ನೇ ಹೇಳಿದ. ಮೂರನೆಯ ವರ್ಷ ಅವಳು ಕೇಳಲಿಲ್ಲ. ಆ ವರ್ಷವೇ ಅವನು 'ಕಡಲ ಗೆಳೆಯರು' ಎಂಬ ಸ್ವಯಂಸೇವಕರ ಗುಂಪು ಕಟ್ಟಿದ. ಖಾನಾಪುರ, ಪಾರಿಶ್ವಾಡದ ಹುಡುಗ ಹುಡುಗಿಯರನ್ನು ಕರಾವಳಿಗೆ ಕರೆದೊಯ್ಯುವುದು, ದಂಡೆ ಸ್ವಚ್ಛ ಮಾಡಿಸುವುದು, ಅಲ್ಲಿನ ಜೀವಗಳ ಬಗ್ಗೆ ಕಲಿಸುವುದು ಅದರ ಕೆಲಸ.

"ಖಾನಾಪುರದಾಗ ಯಾವ ಸಮುದ್ರ ಐತ್ರೀ? ಮಲಪ್ರಭಾ ಪುಲ್ಲಿನ ಬುಡಕ?" ಎಂದು ಅವಳು ಚುಚ್ಚಿದ್ದಳು.

"ಅದಕ್ಕ ಹೇಳೂದು," ಅವನು ನಕ್ಕಿದ್ದ. "ನಮ್ಮ ಅಡವಿ ಹಳ್ಳ ಎಷ್ಟೋ ಹರದು ಕಡಲಿಗೇ ಹೋಗ್ತಾವ. ಇಲ್ಲೆ ಒಗದ ಪ್ಲಾಸ್ಟಿಕ್ ಅಲ್ಲೆ ಆಮಿ ಹೊಟ್ಟ್ಯಾಗ. ಕಡಲ ನೋಡದ ಹುಡುಗೂರಿಗೆ ಅದನ್ನ ಹೆಂಗ ತಿಳಿಸಲಿ? ನೀ ಬಂದು ಒಂದ ತಾಸ ಮಾತಾಡು."

"ನಂಗ ಕೆಲಸ ಐತಿ."

ಕೆಲಸವೇನೂ ಇರಲಿಲ್ಲ.

ಮೊದಲ ಪ್ರವಾಸದ ಹಾಳೆಯನ್ನು ಅವಳ ಮುಂದೆ ಹಿಡಿದದ್ದು ಒಂದು ಸಂಜೆ, ಅವಳು ಮೆಂತ್ಯ ಸೋಸುತ್ತಿದ್ದಾಗ. "ಏನರ ತಪ್ಪದ ಏನ ನೋಡು. ಬಸ್ ಅಂತೂ ಸೋವಿಗೆ ಸಿಕ್ತು. ಅಮಾಸಿ ದಿನ ಮದವಿ ಇರೂದಿಲ್ಲಲ್ಲ, ಖಾಲಿ ನಿಂತಿರ್ತಾವ."

ಅಮಾವಾಸ್ಯೆ, ರವಿವಾರ. ಬೆಳಿಗ್ಗೆ ಆರಕ್ಕೆ ಖಾನಾಪುರ ಬಿಡುವುದು, ಹನ್ನೊಂದಕ್ಕೆ ಕಾರವಾರದ ಹತ್ತಿರದ ಬಂಡೆಗಲ್ಲುಗಳ ದಂಡೆ. ಶೈಸ್ತಾಗೆ ಕಣ್ಣಾಡಿಸಿದೊಡನೆ ತಿಳಿಯಿತು. ಆ ಕರಾವಳಿಯಲ್ಲಿ ಅಮಾವಾಸ್ಯೆಯ ದಿನ ಹನ್ನೊಂದರ ಹೊತ್ತಿಗೆ ಉಬ್ಬರ ತುಂಬಿರುತ್ತದೆ. ಬಂಡೆಗಳು, ಅವುಗಳ ನಡುವಿನ ಗುಂಡಿಗಳು, ಗುಂಡಿಗಳಲ್ಲಿನ ಏಡಿ, ನಕ್ಷತ್ರಮೀನು ಎಲ್ಲವೂ ನೀರಿನಡಿ. ಮಧ್ಯಾಹ್ನ ಹೋಗಿ ಎಂದರೆ ಸಾಕಿತ್ತು. ಎರಡೇ ಮಾತು.

ತಾನು ಬಿಟ್ಟುಬಂದದ್ದನ್ನು ಅವನು ರಜೆಯ ಆಟ ಮಾಡಿಕೊಂಡಿದ್ದಾನೆ ಎನಿಸಿತು ಅವಳಿಗೆ. ಹೋಗಿ ನೋಡಲಿ, ತಾನಾಗಿ ಕಲಿಯಲಿ.

"ಚಲೋ ಐತಿ," ಎಂದಳು.

ನಲವತ್ತು ಮಕ್ಕಳು ಐದು ತಾಸು ಬಸ್ಸಿನಲ್ಲಿ ಕೂತು ಹೋಗಿ, ದಂಡೆಯ ಗೋಡೆಗೆ ಬಡಿಯುವ ತೆರೆಗಳನ್ನು ನೋಡಿ, ಅವಲಕ್ಕಿ ತಿಂದು, ಎರಡು ಚೀಲ ಪ್ಲಾಸ್ಟಿಕ್ ಹೆಕ್ಕಿಕೊಂಡು ತಿರುಗಿ ಬಂದರು. ಮರುದಿನ ಹೆಡ್‌ಮಾಸ್ತರರು ಎಲ್ಲರೆದುರು ಕೇಳಿದರಂತೆ: "ಏನ್ರೀ ಮುನಾಫ ಸರ್, ಸಮುದ್ರದಾಗ ನೀರ ಇರ್ತದ ಅಂತ ತೋರಸಾಕ ಅಷ್ಟ ದೂರ ಒಯ್ದಿದ್ರೇನು?" ಸ್ವಯಂಸೇವಕರಲ್ಲಿ ಅರ್ಧದಷ್ಟು ಜನ ಬಿಟ್ಟರು. ಮುನಾಫ ಇದನ್ನೆಲ್ಲ ಊಟಕ್ಕೆ ಕೂತು ನಗುತ್ತಲೇ ಹೇಳಿದ. ಶೈಸ್ತಾ ಅವನ ತಾಟಿಗೆ ಇನ್ನಷ್ಟು ಬೇಳೆ ಬಡಿಸಿದಳು. ಆಮೇಲೆ ಅವನು ಕಡಲಿನ ಮಾತು ತೆಗೆಯಲಿಲ್ಲ.

ಶಾಲೆಯವರು ತಂದುಕೊಟ್ಟ ಅವನ ಚೀಲವನ್ನು, ಮತ್ತೆ ಒಲೆ ಹತ್ತಿದ ಆ ಬೆಳಿಗ್ಗೆಯೇ ಬಿಚ್ಚಿದಳು. ಡಬ್ಬಿ, ಛತ್ರಿ, ಒಂದು ತೆಳ್ಳನೆಯ ಪುಸ್ತಕ. ಕಾರವಾರ ಬಂದರಿನ ಉಬ್ಬರ ಇಳಿತದ ವೇಳಾಪಟ್ಟಿ. ರಟ್ಟಿನ ಮೇಲೆ 'ಪಂಢರಿನಾಥ, ಖಾನಾಪುರ' ಎಂದು ಬರೆದಿತ್ತು. ಒಂದು ಹಾಳೆಯ ಮೂಲೆ ಮಡಚಿತ್ತು. ಆ ಅಮಾವಾಸ್ಯೆಯ ರವಿವಾರದ ಸಾಲಿನಲ್ಲಿ ಹನ್ನೊಂದರ ಹತ್ತಿರದ ಅಂಕಿಯ ಕೆಳಗೆ ಪೆನ್ಸಿಲ್ ಗೆರೆ. ಸಂಜೆ ಐದರ ಹತ್ತಿರದ ಇಳಿತದ ಅಂಕಿಗೆ ಸುತ್ತು. ಬೇರೇನೂ ಬರೆದಿರಲಿಲ್ಲ.

ಅಂದರೆ ಅವನಿಗೆ ಗೊತ್ತಾಗಿತ್ತು. ಇದು ಎಂ.ಎಸ್ಸಿ. ಮಾಡಿದ ಹೆಂಡತಿಗೆ ತಿಳಿದಿರಲಿಲ್ಲ ಎಂದು ನಂಬುವಷ್ಟು ಭೋಳೆ ಅಲ್ಲ ಅವನು. ಆದರೂ ಕೇಳಲಿಲ್ಲ. ಅವಳು ಬಡಿಸಿದ್ದನ್ನು ಉಂಡು ಶಾಲೆಗೆ ಹೋಗಿ ಬರುತ್ತಿದ್ದ.

ಎರಡು ವಾರದ ಮೇಲೆ ಪಂಢರಿನಾಥ ಮಾತಾಡಿಸಲು ಬಂದರು. ಕಾರವಾರ ಬಂದರಿನಲ್ಲಿ ಕ್ಲಾರ್ಕ್ ಆಗಿದ್ದು ನಿವೃತ್ತರಾಗಿ ಖಾನಾಪುರಕ್ಕೆ ಮರಳಿದವರು. ಜೊತೆಗೆ ಮೊಮ್ಮಗಳು ಪೂರ್ವಾ. ಡಿಗ್ರಿ ಓದುವ ಹುಡುಗಿ, ಈಗ ಗುಂಪನ್ನು ನಡೆಸುತ್ತಿರುವವಳು. ಶಾಹಜಾದಿ ಹೊರಕೋಣೆಯಲ್ಲಿ ಕುರ್ಚಿ ಹಾಕಿಸಿದರು. ಶೈಸ್ತಾ ಒಳಬಾಗಿಲ ಪಡದೆಯ ಹಿಂದೆ ನಿಂತಳು.

"ಕುಂದರ್ರಿ. ಚಹಾ ತರತಾಳ."

"ಚಹಾ ಇರ್ಲಿ ಬಾಯಿ. ಅಮಾಸಿ ಆದ ವಾರಕ್ಕ ಮುನಾಫ ಸರ್ ನಮ್ಮನಿಗೆ ಬಂದು ಒಂದ ಪುಸ್ತಕ ಒಯ್ದಿದ್ರು. ಗಡಬಡಿ ಏನಿಲ್ಲ."

"ನಾವು ಹುಣ್ಣಿವಿ ರವಿವಾರ ಸರ್ ಹೆಸರಲೆ ಮತ್ತ ಕಾರವಾರಕ್ಕ ಹೊಂಟೇವ್ರಿ," ಎಂದಳು ಪೂರ್ವಾ. "ಹೋದ ಸಲ ಅಮಾಸಿ ಇತ್ತಲ್ಲರಿ, ಅದಕ್ಕ ಕೆಟ್ಟಿತು ಅಂತಾರ ಎಲ್ಲಾರು. ಈ ಸಲ ಚಲೋ ದಿನ ನೋಡೇವಿ. ಹನ್ನೊಂದಕ್ಕ ಮುಟ್ಟತೇವಿ. ಇದೂ ಕೆಟ್ಟರ ಹೆಡ್‌ಮಾಸ್ತರ ಬಂದ್ ಮಾಡಸ್ತೇನಿ ಅಂದಾರ."

"ನಿನ್ನ ಬಾಯಿ ಒಂದ ಬಂದ್ ಆಗೂದಿಲ್ಲ ನೋಡು," ಎಂದರು ಅಜ್ಜ.

ಪಡದೆಯ ಹಿಂದೆ ಶೈಸ್ತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹುಣ್ಣಿಮೆ, ಹನ್ನೊಂದು. ಸುಮ್ಮನಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಇದ್ದತ್‌ನಲ್ಲಿದ್ದವಳು.

"ಹನ್ನೊಂದಕ್ಕ ಬ್ಯಾಡ," ಎಂದಳು.

ಹೊರಗೆ ಎಲ್ಲರೂ ಪಡದೆಯತ್ತ ನೋಡಿದರು. ಅವಳು ತಡೆದಳು.

"ಹೇಳ, ಹೇಳ," ಎಂದರು ಶಾಹಜಾದಿ. "ಪಡದಾ ಬಾಗಲಿಗೆ ಹಾಕೇತಿ, ಬಾಯಿಗಲ್ಲ."

"ಸಮುದ್ರಕ್ಕ ಅಮಾಸಿ ಹುಣ್ಣಿವಿ ಎರಡೂ ಒಂದ. ಹನ್ನೊಂದಕ್ಕ ಹೋದ್ರ ಮತ್ತ ಬರೇ ನೀರು. ಎರಡಕ್ಕ ದಂಡಿ ಮ್ಯಾಲ ಇರ್ರಿ. ನಿಮ್ಮ ಕಣ್ಮುಂದನ ನೀರು ಇಳೀತದ, ಬಂಡಿಗಲ್ಲ ಒಂದೊಂದ ಕಾಣ್ತಾವ. ಐದರೊಳಗ ಹುಡುಗೂರನ್ನ ಮ್ಯಾಲ ಕರಸ್ರಿ, ಆಮ್ಯಾಲ ನೀರು ತಿರಗತದ. ಕಲ್ಲ ಎತ್ತಿ ನೋಡಿದ್ರ ಹೆಂಗಿತ್ತೋ ಹಂಗ ಇಡಸ್ರಿ, ಅದರ ಬುಡಕ ಸಣ್ಣ ಸಣ್ಣ ಜೀವ ಮನಿ ಮಾಡಿರ್ತಾವ."

ಪೂರ್ವಾ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದಳು. "ಅಂದ್ರ ಅಮಾಸಿದು ತಪ್ಪಲ್ಲೇನ್ರಿ?"

"ಅಮಾಸಿದೇನ ತಪ್ಪು?"

"ನೀವೂ ಬಂದಿದ್ರ ಎಷ್ಟ ಚಲೋ ಆಗ್ತಿತ್ರಿ, ಮ್ಯಾಡಮ್..." ಎಂದ ಹುಡುಗಿ ಪಡದೆಯನ್ನು ನೋಡಿ ನಾಲಿಗೆ ಕಚ್ಚಿಕೊಂಡಳು.

ಶೈಸ್ತಾ ಒಳಗೆ ಹೋಗಿ ಪುಸ್ತಕ ತಂದಳು. ಪೆನ್ಸಿಲ್ ಗುರುತು ಅಳಿಸಲಿಲ್ಲ. ಮಡಚಿದ ಮೂಲೆಯನ್ನೂ ಬಿಡಿಸಲಿಲ್ಲ. ಪಡದೆಯ ಅಂಚಿನಿಂದ ಕೈ ಚಾಚಿದಳು.

"ನೀವ ಇಟಗೋರಿ ತಾಯಿ," ಎಂದರು ಪಂಢರಿನಾಥ. "ನಿಮಗ ಉಪಯೋಗ ಆಗ್ತದ."

ಕೈ ಹಾಗೆಯೇ ಇತ್ತು. ಅವರು ಎದ್ದು ಬಂದು ತೆಗೆದುಕೊಂಡರು.

"ಇದಕ್ಕಂತ ಅವರು ನಿಮ್ಮನಿ ತನಕ ಬರೂ ಹಂಗ ಆಗಬಾರದಿತ್ರಿ, ಅಜ್ಜಾರ," ಎಂದಳು ಶೈಸ್ತಾ. "ಮನ್ಯಾಗ ನಾ ಇದ್ದೆ."