ಅಂಜಿಕೆಗೆ ಅಳತೆ ಹಿಡಿಯುವ ಜಾಫರಸಾಬರು

"ಅಂಜಬ್ಯಾಡ" ಎಂಬ ಪದ ಜಾಫರಸಾಬರ ನಾಲಿಗೆಯಲ್ಲಿ ಹುಟ್ಟಿಯೇ ಇಲ್ಲ. ಹಾಲು ಉಕ್ಕಿದರೂ ಎದೆ ಹಿಡಿದುಕೊಳ್ಳುವ ನನ್ನಂಥ ಹೆಂಗಸಿಗೆ ದಿನಕ್ಕೆ ಹತ್ತು ಮಂದಿ ಆ ಮಾತನ್ನು ಹೇಳುತ್ತಾರೆ. ಗಂಡ ನಗುತ್ತ ಹೇಳುತ್ತಾನೆ, ಅತ್ತೆ ಗದರಿಸುತ್ತ ಹೇಳುತ್ತಾರೆ, ಡಾಕ್ಟರು ಚೀಟಿ ಬರೆಯುತ್ತ ತಲೆಯೆತ್ತದೆ ಹೇಳುತ್ತಾರೆ. ಹುನಗುಂದದಾಚೆ ಇಳಕಲ್ಲಿನ ರಸ್ತೆಗೆ ಆತುಕೊಂಡ ತಗಡಿನ ಶೆಡ್ಡಿನೊಳಗೆ ನಲವತ್ತು ವರ್ಷಗಳಿಂದ ಲಾರಿಗಳಿಗೆ ಬಾಡಿ ಕಟ್ಟುತ್ತ ಬಂದ ಈ ಮನುಷ್ಯ ಮಾತ್ರ, ನಾನು ಮೊದಲ ಸಲ ಅವರೆದುರು ನಿಂತು "ನನಗ ಭಾಳ ಅಂಜಿಕಿ ಆಗತೈತಿ ಕಾಕಾ" ಎಂದಾಗ, ಕೋಟಿನ ಜೇಬಿನಿಂದ ಸೀಮೆಸುಣ್ಣದ ತುಂಡೊಂದನ್ನು ತೆಗೆದು, ಗೋಡೆಯ ಕಡೆ ತಿರುಗಿ, "ಯಾದಕ್ಕ? ಒಂದೊಂದ ಹೇಳ್ರಿ ತಂಗಿ, ಬರ್ಕೋತೇನಿ" ಎಂದರು.

ಅವರ ನಡಿಗೆಯೇ ಓರೆ. ಎಡಭುಜ ಮುಂದೆ, ಉಳಿದ ದೇಹ ಅದರ ಹಿಂದೆ. ಲಾರಿಗೂ ಗೋಡೆಗೂ ನಡುವಿನ ಗೇಣಗಲದ ಸಂದಿಯಲ್ಲಿ ಆಯುಷ್ಯ ಸವೆಸಿದವರ ನಡಿಗೆ ಅದು, ಬಟಾಬಯಲಿನಲ್ಲಿಯೂ ನೇರವಾಗುವುದಿಲ್ಲ. ಖಾಕಿ ಕೋಟಿನ ಬಲಜೇಬಿನಲ್ಲಿ ಸದಾ ಒಂದು ಸೇರು ನಟ್ಟು-ಬೋಲ್ಟು. ಕೋಟು ಬಲಕ್ಕೆ ಜೋಲುತ್ತದೆ, ಮನುಷ್ಯ ಎಡಕ್ಕೆ ವಾಲುತ್ತಾನೆ, ಎರಡೂ ಸೇರಿ ಹೇಗೋ ಸಮತೋಲವಾಗುತ್ತದೆ. ಚಕ್ರದ ಮೇಲೆ ಸಾಗುವುದೆಲ್ಲ ಅವರಿಗೆ "ಮಾಲು". ಉಳ್ಳಾಗಡ್ಡಿಯೂ ಮಾಲು, ಇಳಕಲ್ಲಿನ ಗ್ರಾನೈಟೂ ಮಾಲು, ಮದುವೆಗೆ ಹೊರಟ ಬೀಗರೂ ಮಾಲು. "ಮಾಲ ಅಲಗ್ಯಾಡಬಾರ್ದು" ಎಂಬುದೊಂದೇ ಅವರ ಸಕಲ ಶಾಸ್ತ್ರಗಳ ಸಾರ.

ಅಂಥವರ ಕೈಗೆ ನಮ್ಮ ಸಂಸಾರವೇ ಮಾಲಾಗಿ ಬಿದ್ದದ್ದು ನನ್ನ ಗಂಡ ಪ್ರೇಮಕುಮಾರನ ಉತ್ಸಾಹದಿಂದ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಮೇಷ್ಟ್ರಾಗಿರುವ ಅವನು, ಶಾಲೆಯವರು ಮಾರಿದ ಹಳೆಯ ಟೆಂಪೋ ಟ್ರಾವೆಲರೊಂದನ್ನು ತಂದು, ಅದರೊಳಗೆ ಹಾಸಿಗೆ, ಒಲೆ, ಕಪಾಟು ಕೂಡಿಸಿ, ಗಾಲಿಯ ಮೇಲಿನ ಮನೆ ಮಾಡಿಕೊಂಡು ನಾಲ್ಕು ದಿನ ಸೂಪಾ ಹಿನ್ನೀರಿನ ದಂಡೆಗೆ, ಗಣೇಶಗುಡಿಯ ಕಾಡಿನ ಸೆರಗಿಗೆ ಹೋಗುವುದೆಂದು ಸಾರಿಬಿಟ್ಟ. ಫ್ರಿಜ್ಜಿನ ಬಾಗಿಲು ನಕಾಶೆಗಳಿಂದ ಮುಚ್ಚಿಹೋಯಿತು. ಐದು ವರ್ಷದ ಮಗಳು ಇಂಚರಾ ಊಟದ ಮೇಜಿನ ಕೆಳಗೆ ರಟ್ಟಿನ ಪೆಟ್ಟಿಗೆಯಿಟ್ಟು ಅದರಲ್ಲೇ ನಿದ್ದೆಯ ತಾಲೀಮು ಶುರುಮಾಡಿದಳು. ತುಳಸಿಗೇರಿಯ ಹನುಮಪ್ಪ, ಬಾದಾಮಿಯ ಬನಶಂಕರಿ ಇಷ್ಟನ್ನೇ ಪ್ರವಾಸವೆಂದು ತಿಳಿದಿದ್ದ ನನ್ನ ಅತ್ತೆ ಕಸ್ತೂರಿಬಾಯಿ ದಿನಗಟ್ಟಲೆ ಕೆಡದ ಕಟಕರೊಟ್ಟಿ ಬಡಿಯಲು ಕೂತವರು ಮೂರು ದಿನ ಏಳಲಿಲ್ಲ.

ನನಗೆ ಹೋಗಬಾರದೆಂದೇನೂ ಇರಲಿಲ್ಲ. ಬೆಳಗಿನ ಮಂಜು ನೀರಿನ ಮೇಲಿಂದ ಏಳುವುದನ್ನು ನೆನೆದರೆ ನನ್ನ ಮೈಯೂ ಜುಮ್ಮೆನ್ನುತ್ತಿತ್ತು. ಮರುಕ್ಷಣವೇ ಆ ಮಂಜು ಮಗಳ ಎದೆಗಿಳಿಯುತ್ತಿತ್ತು. ಹೋದ ಮಳೆಗಾಲದಲ್ಲಿ ಅವಳ ಉಸಿರು ಕಟ್ಟಿ ದವಾಖಾನೆಯಲ್ಲಿ ಎರಡು ದಿನ ಕಳೆದಿದ್ದೆವು. ಅಂದಿನಿಂದ ಔಷಧದ ಹಬೆ ಕೊಡುವ ನೆಬ್ಯುಲೈಸರ್ ನಮ್ಮ ಮನೆಯ ಆರನೆಯ ಇಂದ್ರಿಯ. ಹೀಗಾಗಿ ನಾನೊಂದು ಕರಾರು ಹಾಕಿದೆ: ಗಾಡಿ ಸಿದ್ಧವಾದ ಮೇಲೆ ನಾನು ನೋಡುತ್ತೇನೆ, ನಾನು ಹೂಂ ಎಂದರೆ ಹೊರಡುವುದು, ಇಲ್ಲವೆಂದರೆ ಇಲ್ಲ. ಎಲ್ಲರೂ ಒಪ್ಪಿದರು. ಎಲ್ಲರೂ ಒಪ್ಪಿದ್ದರಿಂದಲೇ ಇಡೀ ಸರೋವರ, ಇಡೀ ಕಾಡು, ಮಗಳ ಪೆಟ್ಟಿಗೆಯೊಳಗಿನ ನಿದ್ದೆ ನನ್ನೊಬ್ಬಳ ತಲೆಯ ಮೇಲೆ ಬಂದು ಕೂತವು.

ಜಾಫರಸಾಬರ ಗೋಡೆಯ ಮೇಲೆ ಅಂದು ನನ್ನ ಅಂಜಿಕೆಗಳು ಸಾಲಾಗಿ ಇಳಿದವು. ಒಲೆಯ ಗ್ಯಾಸು ಸೋರಿದರೆ? ಒಲೆ ಹಿಂಬಾಗಿಲಿಗೆ ಹೋಯಿತು. ಕೂಸು ನಿದ್ದೆಗಣ್ಣಿನಲ್ಲಿ ಬಾಗಿಲು ತೆರೆದರೆ? ಚಿಲಕ ನನ್ನ ಕೈಯೆತ್ತರಕ್ಕೆ ಏರಿತು. ಹಾವು? ತಳದ ತೂತುಗಳಿಗೆಲ್ಲ ಜಾಳಿಗೆ. ನಾನು ನಾಚಿ ನಿಲ್ಲಿಸಿದಾಗಲೆಲ್ಲ ಅವರು ತಿರುಗದೆಯೇ, "ಹಾಂ, ಮುಂದ?" ಎನ್ನುವರು.

"ನೀರು, ಕಾಕಾ. ಹಿನ್ನೀರು ಅಷ್ಟು ಹತ್ರ ಇರತೈತಿ..."

"ನೀರ ನನ್ನ ಶೆಡ್ಡಿಗೆ ಬರೂದಿಲ್ಲ ತಂಗಿ. ಬಾಗಲಾ ಬರತೈತಿ. ಬಾಗಲಕ್ಕ ಒಂದ ಗಂಟಿ ಕಟ್ತೇನಿ. ತೆರದ್ರ ಊರೆಲ್ಲಾ ಎದ್ದ ಕುಂದರ್ಬೇಕು."

ಪ್ರೇಮಕುಮಾರ ಮೂಲೆಯಲ್ಲಿ ನಗುತ್ತಿದ್ದ. "ಸರ್ರ, ನೀವ್ ನಗಬ್ಯಾಡ್ರಿ," ಎಂದರು ಸಾಬರು, "ನಕ್ಕೋತ ಬಂದವ್ರ ಲಾರಿನ ಹೆಚ್ಚ ರಿಪೇರಿಗೆ ಬರ್ತಾವ." ಪಟ್ಟಿ ಹನ್ನೊಂದಕ್ಕೆ ನಿಂತಿತು.

ಮಗಳ ಹಾಸಿಗೆಯ ವಿಷಯ ಬಂದಾಗ ಅತ್ತೆ ಮುಂದೆ ಬಂದರು. ತಲೆ ಪೂರ್ವಕ್ಕೆ ಬರಲಿ ಎಂಬುದು ಅವರ ಆಗ್ರಹ. ಸಾಬರು ತಲೆ ಕೆರೆದುಕೊಂಡರು. "ಮೂಡಣಕ್ಕ ತಲಿ ಆದ್ರ ಕಾಲು ಪಡುವಣಕ್ಕ ಹೋಗ್ತಾವ್ರಿ ಅಕ್ಕಾರ. ನಾವು ನಮಾಜ ಮಾಡೂ ದಿಕ್ಕು ಅದು. ನನ್ನ ಕೈಲೆ ಹಂಗ ಹೆಂಗ ಕಟ್ಲಿ?" ಅತ್ತೆಗೂ ಅದು ಸರಿಯೆನಿಸಿತು. ಚಹಾ ತಣ್ಣಗಾಗುವವರೆಗೆ ಇಬ್ಬರೂ ದಿಕ್ಕುಗಳನ್ನು ತೂಗಿದರು. ಕೊನೆಗೆ ದಕ್ಷಿಣವೆಂದು ತೀರ್ಮಾನವಾಯಿತು. ಅವರಿಗೂ ದೋಷವಿಲ್ಲ, ನಮಗೂ ದೋಷವಿಲ್ಲ. ಗಾಡಿ ಶೆಡ್ಡಿನೊಳಗೆ ದಕ್ಷಿಣಕ್ಕೆ ಮೂತಿ ಮಾಡಿ ನಿಂತಿತ್ತು. ಡ್ರೈವರನ ಬೆನ್ನ ಕಡೆಗೆ ಸಾಬರು ದಪ್ಪಗೆ "ತಲಿ" ಎಂದು ಬರೆದರು. ಆ ತಲೆಯ ಮಗ್ಗುಲಿಗೇ ನೆಬ್ಯುಲೈಸರಿನ ಪ್ಲಗ್ಗು ಕೂಡಿಸಿದರು.

ಹೊರಡುವುದಕ್ಕೆ ಎರಡು ದಿನ ಮುಂಚೆ ಗಾಡಿ ನೋಡಲು ಎಲ್ಲರೂ ಹೋದೆವು. ಇಂಚರಾ ತನ್ನ ಚೀಲವನ್ನೂ ಬೆನ್ನಿಗೇರಿಸಿಕೊಂಡಿದ್ದಳು, ಅತ್ತೆ ರೊಟ್ಟಿ-ಚಟ್ನಿಯ ಡಬ್ಬಿಗಳನ್ನೂ ತಂದಿದ್ದರು. ಪ್ರೇಮಕುಮಾರ ಗಾಡಿಯನ್ನು ಹಿಂದಕ್ಕೆ ತೆಗೆದು, ಬಾಗಲಕೋಟೆಯ ಹಾದಿ ಹಿಡಿಯಲೆಂದು ಹುನಗುಂದದ ಕಡೆ ತಿರುಗಿಸಿ ನಿಲ್ಲಿಸಿದ. ಅತ್ತೆ ಒಳಗೆ ಹಣಿಕಿಕ್ಕಿ ಕಿರುಚಿದರು:

"ಅಯ್ಯ ಸಾಬ್ರ! ಕೂಸಿನ ತಲಿ ಉತ್ತರಕ್ಕ ಬಂತಲ್ರಿ!"

ಸಾಬರು ಹಾಸಿಗೆ ನೋಡಿದರು, ಸೂರ್ಯನನ್ನು ನೋಡಿದರು, ಮತ್ತೆ ಹಾಸಿಗೆ ನೋಡಿದರು. ಸಾವಿರ ಲಾರಿಗಳನ್ನು ರಸ್ತೆಗಿಳಿಸಿದ ಮನುಷ್ಯ, ಗಾಡಿ ತಿರುಗುತ್ತದೆಂಬುದನ್ನೇ ಮರೆತಿದ್ದರು. "ನಲವತ್ತ ವರ್ಷ ಮಾಲ ಮಲಗಿಸೇನ್ರಿ ಅಕ್ಕಾರ," ಎಂದರು ಮೆಲ್ಲಗೆ, "ಮಾಲಿಗೆ ತಲಿ ಇರೂದಿಲ್ಲ." ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು, ಪ್ರೇಮಕುಮಾರ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ನಗಲಿಲ್ಲ. ದಿಕ್ಕಿನ ಚಿಂತೆ ನನಗಿರಲಿಲ್ಲ. ಉತ್ತರ ತಪ್ಪಿಸಲು ದಿಂಬು ಆಚೆ ತುದಿಗೆ ಹೋದರೆ ಪ್ಲಗ್ಗು ಈಚೆ ಉಳಿಯುತ್ತದೆ, ನೆಬ್ಯುಲೈಸರಿನ ನಳಿಗೆ ಮಗಳ ಮುಖವನ್ನು ಮುಟ್ಟುವುದಿಲ್ಲ. ಇಷ್ಟು ದೊಡ್ಡದನ್ನು ಮರೆತವರು ಇನ್ನೇನನ್ನು ಮರೆತಿದ್ದಾರೋ!

"ಬ್ಯಾಡ," ಎಂದೆ. "ಇದು ಆಗೂದಿಲ್ಲ."

ಇಂಚರಾ ಚೀಲವನ್ನು ಬೆನ್ನಿನಿಂದಿಳಿಸಿ ನೆಲಕ್ಕಿಟ್ಟಳು, ಅಳಲೂ ಇಲ್ಲ. ಸಾಬರು ಮಾತ್ರ ತಲೆಯಾಡಿಸಿದರು. "ಖರೆ ಐತಿ. ಈಗ ಹೂಂ ಅನಬ್ಯಾಡ್ರಿ. ಇನ್ನ ನಾ ಮಲಗಿ ನೋಡಿಲ್ಲ." ಇನ್ನೊಂದು ತುದಿಗೂ ಪ್ಲಗ್ಗು ಕೂಡಿಸಲು ಅವರಿಗೆ ಒಂದು ತಾಸು ಹಿಡಿಯಿತು. ಆಮೇಲೆ, "ಮಾಲ ತುಂಬ್ರಿ," ಎಂದರು, "ಖಾಲಿ ಗಾಡಿ ಖರೆ ಹೇಳೂದಿಲ್ಲ." ಅತ್ತೆಯ ಡಬ್ಬಿಗಳೆಲ್ಲ ಕಪಾಟು ಸೇರಿದವು. ಸಾಬರು ಮಗಳ ಗಿಡ್ಡ ಹಾಸಿಗೆಯಲ್ಲಿ ಮೊಣಕಾಲು ಮಡಚಿ, ಕೈಗಳನ್ನು ಎದೆಯ ಮೇಲಿಟ್ಟು, ಕೂಸಿನ ಹಾಗೆ ಕಣ್ಣು ಮುಚ್ಚಿದರು. ಪ್ರೇಮಕುಮಾರ ಇಳಕಲ್ಲಿನ ಕಡೆ ಗಾಡಿ ಬಿಟ್ಟ. ಪಕ್ಕದ ಆಸನದಲ್ಲಿ ನಾನು ಕಂಬಿ ಹಿಡಿದು ಕೂತೆ.

ರಸ್ತೆಯ ಎರಡನೆಯ ಉಬ್ಬಿನಲ್ಲಿ ಮೇಲಿನ ಕಪಾಟಿನ ಕೊಂಡಿ ಕಳಚಿ, ಶೇಂಗಾ ಹಿಂಡಿ ಚಟ್ನಿಪುಡಿಯ ಸ್ಟೀಲಿನ ಡಬ್ಬಿ ನೇರ ಅವರೆದೆಯ ಮೇಲೆ ಬಿತ್ತು. ನಾನು ಚೀರಿದೆ. ಅವರು ಕೆಂಪು ಹಿಂಡಿಯಲ್ಲಿ ಮುಳುಗಿ, "ಸಿಕ್ತು! ಸಿಕ್ತು!" ಎಂದು ಕೂಗಿದರು, ನಿಧಿ ಸಿಕ್ಕವರ ಹಾಗೆ. ಗಾಡಿ ನಿಂತೊಡನೆ ಎದೆ ತಿಕ್ಕಿಕೊಳ್ಳುತ್ತ ಓರೆಯಾಗಿ ನನ್ನೆದುರು ಬಂದು ನಿಂತರು. ಅವರಿಗೆ ಖರೆಖರೆ ಸಿಟ್ಟು ಬಂದಿತ್ತು.

"ತಂಗಿ, ಹನ್ನೊಂದ ಬರಸಿದ್ರಿ. ಇದೊಂದ ಯಾಕ ಬಿಟ್ರಿ? ನೀವ ಅಂಜೂದ ಬಿಟ್ರ ನಾ ಯಾರನ್ನ ಕೇಳ್ಲಿ?"

ಕಡಿಮೆ ಅಂಜಿದ್ದಕ್ಕಾಗಿ ನನ್ನನ್ನು ಬೈದವರು ಇವರೊಬ್ಬರೇ. ಆ ಮಧ್ಯಾಹ್ನವೆಲ್ಲ ನಾನೇ ಗಾಡಿಯೊಳಗೆ ಮಲಗಿದೆ, ಬಾಗಿದೆ, ಮಗಳ ಎತ್ತರಕ್ಕೆ ಮೊಣಕಾಲೂರಿ ತೆವಳಿದೆ, ಹನ್ನೆರಡು, ಹದಿಮೂರು, ಹದಿನಾಲ್ಕು ಎನ್ನುತ್ತ ಒಳಗಿನಿಂದ ಕೂಗಿದೆ, ಹೊರಗಿನಿಂದ "ಹಾಂ, ಮುಂದ?" ಎಂಬ ದನಿ ಬರುತ್ತಲೇ ಇತ್ತು. ನನ್ನ ಅಂಜಿಕೆಯೊಂದು ಕೆಲಸಕ್ಕೆ ಬಂದದ್ದು ಅಂದೇ. ಇಪ್ಪತ್ತನೆಯದನ್ನೂ ಅವರು ಸರಿಮಾಡಿ ಮುಗಿಸಿದಾಗ ಹೇಳಲು ಏನೂ ಉಳಿಯಲಿಲ್ಲ. ಅತ್ತೆ ಕಿಟಕಿಯಲ್ಲಿ ಮುಖವಿಟ್ಟು, "ಈಗೇನಂತಿ ವಿದ್ಯಾ?" ಎಂದರು. "ಹೂಂ ಅಂತೇನಿ" ಎಂದೆ. ಇಂಚರಾ ಕೂಗಿದ ಕೂಗಿಗೆ ಪಕ್ಕದ ಗ್ಯಾರೇಜಿನವರು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಓಡಿಬಂದರು.

ನಾಳೆ ಬೆಳಿಗ್ಗೆ ಹೊರಡುತ್ತೇವೆ. ಧೈರ್ಯ ಹೇಳುವವರ ಮಾತು ನಮ್ಮ ಜೊತೆ ಹೊಸ್ತಿಲವರೆಗೆ ಬರುತ್ತದೆ, ಮುಂದೆ ನಾವು ಒಂಟಿ. ಜಾಫರಸಾಬರಂಥವರ ಬಗೆಯೇ ಬೇರೆ. ಇವರು ನಮ್ಮ ಹೆದರಿಕೆಯನ್ನು ಚಿಕ್ಕದು ಮಾಡುವುದಿಲ್ಲ, ಕೊನೆಯ ಮೂಲೆಯವರೆಗೂ ಅದರೊಳಗೆ ಹೊಕ್ಕು ನೋಡುತ್ತಾರೆ. ನಾವು ಕಣ್ಣುಮುಚ್ಚಿ ದಾಟುವ ಸೇತುವೆಗಳಲ್ಲಿ, ನಿಶ್ಚಿಂತೆಯಿಂದ ಕೂಸನ್ನು ಹಾಕುವ ತೊಟ್ಟಿಲುಗಳಲ್ಲಿ, ಇಂಥವರೊಬ್ಬರು ನಮಗಿಂತ ಮುಂಚೆ ನಮ್ಮ ಜಾಗದಲ್ಲಿ ಮಲಗಿ, ನಮ್ಮ ಪಾಲಿನ ಪೆಟ್ಟು ತಿಂದು, ಮೈ ಕೊಡವಿಕೊಂಡು ಎದ್ದುಹೋಗಿರುತ್ತಾರೆ.